ಹಳೆಯ ಕನ್ನಡ ಸಿನಿಮಾಗಳಿಗೆ ನಿಮ್ಮ ದನಿ ಬೇಕು

‘ಪುಷ್ಪಕ ವಿಮಾನ’ದಲ್ಲಿ ಒಂದೇ ಒಂದು ಮಾತಿಲ್ಲ. ಸಿಂಗೀತಂ ಶ್ರೀನಿವಾಸ ರಾವ್ ಅದನ್ನು ಬೆಂಗಳೂರಿನಲ್ಲಿ ತೆಗೆದರು. 1987ರಲ್ಲಿ ತೆರೆಗೆ ಬಂತು. ಕೆಲಸವಿಲ್ಲದ ಯುವಕ ದೊಡ್ಡ ಹೋಟೆಲ್ ಸೇರುತ್ತಾನೆ. ಮೆತ್ತನೆಯ ಹಾಸಿಗೆ ಇದೆ, ನಿದ್ದೆ ಬರುವುದಿಲ್ಲ. ಸಿನಿಮಾ ಟಾಕೀಸಿನ ಗದ್ದಲದಲ್ಲೇ ಮಲಗಿ ರೂಢಿಯಾದವನಿಗೆ ಆ ನಿಶ್ಶಬ್ದ ಸಹಿಸಲಾಗದು. ಎದ್ದು ಹೋಗಿ ಆ ಗದ್ದಲವನ್ನೇ ಟೇಪ್ ರೆಕಾರ್ಡರಿಗೆ ತುಂಬಿಸಿಕೊಂಡು ಬರುತ್ತಾನೆ, ಗುಂಡಿ ಒತ್ತುತ್ತಾನೆ, ಸುಖವಾಗಿ ಮಲಗುತ್ತಾನೆ. ನೋಡುತ್ತಾ ಕೂತವರೆಲ್ಲ ನಗುತ್ತಾರೆ. ಅದೇ ಸಾಲಿನಲ್ಲಿ ಕಣ್ಣಿಲ್ಲದ ಹುಡುಗನೊಬ್ಬ ಕೂತಿದ್ದರೆ ಅವನ ಕಿವಿಗೆ ಬೀಳುವುದು ಬರೀ ಗದ್ದಲ. ಅದು ಎಲ್ಲಿಂದ ಬಂತು, ಯಾಕೆ ಬಂತು, ಪಕ್ಕದವರು ಯಾಕೆ ನಕ್ಕರು, ಒಂದೂ ತಿಳಿಯುವುದಿಲ್ಲ.

ಅವನು ಬಿ.ಎ. ಓದುತ್ತಿದ್ದಾನೆ ಎಂದುಕೊಳ್ಳಿ. ಐಚ್ಛಿಕ ಕನ್ನಡ ಅಥವಾ ಪತ್ರಿಕೋದ್ಯಮ. ಮೇಷ್ಟ್ರು ತರಗತಿಯಲ್ಲಿ ‘ಸಂಸ್ಕಾರ’ ಕಾದಂಬರಿ ಮುಗಿಸಿ, 1970ರಲ್ಲಿ ಪಟ್ಟಾಭಿರಾಮ ರೆಡ್ಡಿ ತೆಗೆದ ಚಿತ್ರವನ್ನು ಪ್ರೊಜೆಕ್ಟರಿನಲ್ಲಿ ಹಾಕುತ್ತಾರೆ; ಎರಡನ್ನೂ ಹೋಲಿಸಿ ಬರೆಯಿರಿ ಎನ್ನುತ್ತಾರೆ. ಕಾದಂಬರಿಯನ್ನು ಅವನು ಹೇಗೋ ಓದಿಕೊಳ್ಳುತ್ತಾನೆ. ಬ್ರೈಲ್ ಇದೆ, ಧ್ವನಿ ಪುಸ್ತಕ ಇದೆ, ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳು 1990ರಿಂದ ಈ ಕೆಲಸಕ್ಕೇ ಹೆಗಲು ಕೊಟ್ಟಿವೆ. ಮೊಬೈಲಿನಲ್ಲಿ, ಲ್ಯಾಪ್‌ಟಾಪಿನಲ್ಲಿ ಕನ್ನಡ ಅಕ್ಷರವನ್ನು ಓದಿ ಹೇಳುವ ತಂತ್ರಾಂಶ ಇದೆ. ಆದರೆ ಸಿನಿಮಾ ಶುರುವಾದ ಕೂಡಲೇ ಅವನ ಓದು ನಿಂತುಹೋಗುತ್ತದೆ. ಪಕ್ಕದ ಗೆಳೆಯ ಪಿಸುಗುಟ್ಟಿದಷ್ಟು ಅವನ ಪಾಲು. ಗೆಳೆಯ ಕಥೆಯಲ್ಲಿ ಮುಳುಗಿದರೆ ಅದೂ ಇಲ್ಲ.

ಪರೀಕ್ಷೆಯ ಮಾತು ಬಿಡಿ. ಕಾಲೇಜಿನಲ್ಲಿ ಗೆಳೆತನ ಕುದುರುವುದೇ ಅರ್ಧ ಸಿನಿಮಾ ಮಾತಿನಲ್ಲಿ. ಕ್ಯಾಂಟೀನಿನ ಮೇಜಿನ ಸುತ್ತ ಎಲ್ಲರೂ ಕ್ಲೈಮ್ಯಾಕ್ಸ್ ಬಗ್ಗೆ ಜಗಳವಾಡುವಾಗ ಒಬ್ಬ ಸುಮ್ಮನೆ ಕೂತಿರಬೇಕಾಗುತ್ತದಲ್ಲ, ಅದು ಅಂಕಪಟ್ಟಿಯಲ್ಲಿ ಕಾಣುವ ನಷ್ಟವಲ್ಲ, ಆದರೆ ದೊಡ್ಡ ನಷ್ಟ. ‘ಕಣ್ಣಿಲ್ಲದವರಿಗೆ ಸಿನಿಮಾ ಯಾಕೆ’ ಎಂದು ಕೇಳುವವರು ಇನ್ನೂ ಇದ್ದಾರೆ. ಅಂಧರು ಸಿನಿಮಾಕ್ಕೆ ಹೋಗುತ್ತಾರೆ, ಹಾಡು ಬಾಯಿಪಾಠ ಮಾಡುತ್ತಾರೆ, ಡೈಲಾಗ್ ಹೊಡೆಯುತ್ತಾರೆ, ನೆಚ್ಚಿನ ನಟನಿಗಾಗಿ ವಾದಕ್ಕಿಳಿಯುತ್ತಾರೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ದೃಷ್ಟಿದೋಷವುಳ್ಳವರು ಸುಮಾರು 2.64 ಲಕ್ಷ. ಆಸಕ್ತಿ ಅವರಲ್ಲಿ ಬೇಕಾದಷ್ಟಿದೆ. ಇಲ್ಲದಿರುವುದು ನಾವು ಮಾಡಿಕೊಡಬೇಕಾದ ವ್ಯವಸ್ಥೆ.

ಆ ವ್ಯವಸ್ಥೆಗೆ ಧ್ವನಿ ವಿವರಣೆ ಎನ್ನುತ್ತಾರೆ. ಸಂಭಾಷಣೆಗಳ ನಡುವೆ ಸಿಗುವ ಬಿಡುವಿನಲ್ಲಿ, ತೆರೆಯ ಮೇಲೆ ಏನಾಗುತ್ತಿದೆ ಎಂಬುದನ್ನು ಒಂದು ದನಿ ಚುಟುಕಾಗಿ ಹೇಳುತ್ತಾ ಹೋಗುತ್ತದೆ. ಯಾರು ಒಳಗೆ ಬಂದರು, ಕೈಯಲ್ಲಿ ಏನಿದೆ, ಮುಖ ಹೇಗಾಯಿತು, ಈಗ ಹಗಲೋ ರಾತ್ರಿಯೋ. ಕನ್ನಡಿಗರಿಗೆ ಇದೇನೂ ತೀರಾ ಹೊಸದಲ್ಲ. ಮೈಸೂರು ದಸರೆಯ ಜಂಬೂಸವಾರಿಯ ವೀಕ್ಷಕ ವಿವರಣೆಯನ್ನು ಆಕಾಶವಾಣಿಯಲ್ಲಿ ಕೇಳಿಯೇ ಎಷ್ಟೋ ಹಳ್ಳಿಗಳ ಜನ ಅಂಬಾರಿಯನ್ನು ಕಂಡಿದ್ದಾರೆ. ಆ ವಿದ್ಯೆ ನಮ್ಮಲ್ಲಿ ಮೊದಲಿನಿಂದಲೂ ಇದೆ. ಅದನ್ನು ಸಿನಿಮಾಕ್ಕೆ ತರುವುದು ಬಾಕಿ ಇದೆ.

ಕುವೈತಿನಲ್ಲಿ ಬೆಳೆಯುತ್ತಿರುವ, ಓದುತ್ತಿರುವ, ದುಡಿಯುತ್ತಿರುವ ಕನ್ನಡದ ತಮ್ಮಂದಿರೇ, ತಂಗಿಯರೇ, ಈ ಕೆಲಸ ನೀವು ಮಾಡಬೇಕು. ಬೇರೆ ಯಾರೋ ಮಾಡುತ್ತಾರೆ ಎಂದು ಕಾಯುವ ಹಾಗಿಲ್ಲ. ಯಾಕೆ ಎಂದು ಹೇಳುತ್ತೇನೆ.

ಈಚಿನ ವರ್ಷಗಳಲ್ಲಿ ಭಾರತದಲ್ಲಿ ಈ ವಿಷಯಕ್ಕೆ ನ್ಯಾಯಾಲಯದ ಬಲ ಸಿಕ್ಕಿದೆ. ‘ಪಠಾಣ್’ ಚಿತ್ರ ಬಿಡುಗಡೆಯಾಗುವ ಮೊದಲು, ದೃಷ್ಟಿ ಇಲ್ಲದ ಕಾನೂನು ವಿದ್ಯಾರ್ಥಿಯೊಬ್ಬರು ಕೆಲವು ವಕೀಲರು, ಹೋರಾಟಗಾರರ ಜೊತೆ ಸೇರಿ ದೆಹಲಿ ಹೈಕೋರ್ಟಿನ ಬಾಗಿಲು ತಟ್ಟಿದರು. 2023ರ ಜನವರಿಯಲ್ಲಿ ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರು, ಒಟಿಟಿಗೆ ಬರುವ ಹೊತ್ತಿಗೆ ಆ ಚಿತ್ರಕ್ಕೆ ಹಿಂದಿಯಲ್ಲಿ ಧ್ವನಿ ವಿವರಣೆಯೂ ಕಿವಿ ಕೇಳದವರಿಗಾಗಿ ಬರಹವೂ ಸಿದ್ಧವಾಗಬೇಕು ಎಂದು ನಿರ್ಮಾಣ ಸಂಸ್ಥೆಗೆ ಸೂಚಿಸಿದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದಕ್ಕೆ ಆಧಾರ. ಮುಂದಿನ ವರ್ಷ, 2024ರ ಮಾರ್ಚಿನಲ್ಲಿ, ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಚಿತ್ರಮಂದಿರಗಳಿಗೆಂದೇ ಮಾರ್ಗಸೂಚಿ ಹೊರಡಿಸಿತು. ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಪ್ರಮಾಣಪತ್ರ ಪಡೆಯುವ ಚಿತ್ರಗಳಿಗೆ ಈ ಸೌಲಭ್ಯ ಒದಗಿಸಲು ಆರು ತಿಂಗಳ ಗಡುವು ಕೊಟ್ಟಿತು, ಉಳಿದವಕ್ಕೆ ಎರಡು ವರ್ಷ. 2025ರ ಜನವರಿ 1ರಿಂದ ರಾಷ್ಟ್ರಪ್ರಶಸ್ತಿಗೆ ಸ್ಪರ್ಧಿಸುವ ಕಥಾಚಿತ್ರಗಳಿಗೆ ಧ್ವನಿ ವಿವರಣೆ ಕಡ್ಡಾಯ. ಒಬ್ಬ ವಿದ್ಯಾರ್ಥಿ ತನಗಾದ ಅನ್ಯಾಯವನ್ನು ಅನ್ಯಾಯ ಎಂದೇ ಕರೆದು ನ್ಯಾಯಾಲಯಕ್ಕೆ ಹೋದ. ಇಷ್ಟು ದೊಡ್ಡ ಬದಲಾವಣೆಯಲ್ಲಿ ಅವನ ಪಾಲೂ ಇದೆ. ನಿಮ್ಮ ವಯಸ್ಸಿನವನು.

ಆದರೆ ಗಮನಿಸಿ: ಈ ನಿಯಮಗಳೆಲ್ಲ ಮುಂದೆ ಬರುವ ಚಿತ್ರಗಳಿಗೆ. 1934ರ ‘ಸತಿ ಸುಲೋಚನಾ’ದಿಂದ ಈ ನಿಯಮಗಳು ಬರುವವರೆಗೆ ತೆರೆಕಂಡ ಕನ್ನಡ ಚಿತ್ರಗಳಿಗೆ ಯಾವ ಗಡುವೂ ಇಲ್ಲ. ಎಷ್ಟೋ ನಿರ್ಮಾಪಕರು ಈಗಿಲ್ಲ, ಎಷ್ಟೋ ಸಂಸ್ಥೆಗಳು ಮುಚ್ಚಿವೆ. ಹಳೆಯ ಚಿತ್ರಕ್ಕೆ ಧ್ವನಿ ವಿವರಣೆ ಮಾಡಿಸಿದರೆ ಯಾರಿಗೂ ಲಾಭ ಬರುವುದಿಲ್ಲ, ಹಾಗಾಗಿ ಯಾರೂ ಹಣ ಹೂಡುವುದಿಲ್ಲ. ಪುಟ್ಟಣ್ಣ ಕಣಗಾಲ್ ಅವರ ಚಿತ್ರಗಳು, ಗಿರೀಶ್ ಕಾಸರವಳ್ಳಿ ಅವರ 1977ರ ‘ಘಟಶ್ರಾದ್ಧ’, ಶಂಕರ್‌ನಾಗ್ ಚಿತ್ರಗಳು, ಅಂದರೆ ಕಾಲೇಜಿನಲ್ಲಿ ಪಾಠವಾಗುವ, ಸೆಮಿನಾರುಗಳಲ್ಲಿ ಚರ್ಚೆಯಾಗುವ ಕನ್ನಡದ ಅತ್ಯುತ್ತಮ ಚಿತ್ರಗಳೆಲ್ಲ ಕಾನೂನಿನ ಬೆಳಕು ಬೀಳದ ಜಾಗದಲ್ಲಿವೆ. ಅಲ್ಲಿಗೆ ತಲುಪಬಲ್ಲವರು ಸಂಬಳ ಬಯಸದೆ ದುಡಿಯುವ ಯುವಜನ ಮಾತ್ರ.

1995ರ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ನೆನೆದರೆ ನನಗೆ ಸಂಕಟವಾಗುತ್ತದೆ. ಅಂಧ ಸಂಗೀತಗಾರನೊಬ್ಬನ ಬಾಳನ್ನು ಕುರಿತ ಚಿತ್ರ ಅದು. ಸಂಗೀತಕ್ಕೆ ಹಂಸಲೇಖ ಅವರಿಗೆ, ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಇಂದಿಗೂ ಅಂಧ ಮಕ್ಕಳು ಸಂಗೀತ ಕಲಿಯುತ್ತಾರೆ. ಪಂಚಾಕ್ಷರಿ ಗವಾಯಿಗಳ ಶಿಷ್ಯ ಪುಟ್ಟರಾಜ ಗವಾಯಿಗಳು ಆಶ್ರಮ ನಡೆಸಲು ನಾಟಕ ಕಂಪನಿಯನ್ನೇ ಕಟ್ಟಿ ಊರೂರು ತಿರುಗಿದವರು. ತಮ್ಮದೇ ಗುರುಪರಂಪರೆಯ ಹಿರಿಯರ ಕಥೆಯಲ್ಲಿ ಆ ಮಕ್ಕಳಿಗೆ ದಕ್ಕುವುದು ಹಾಡು ಮತ್ತು ಮಾತು. ಮಾತಿಲ್ಲದ ದೃಶ್ಯಗಳನ್ನು ಅವರಿಗೆ ಯಾರು ಹೇಳುತ್ತಾರೆ? ಇದು ಯಾರೋ ಒಬ್ಬರ ತಪ್ಪಲ್ಲ. ನಮ್ಮೆಲ್ಲರ ಮೇಲಿರುವ ಬಾಕಿ.

ಇನ್ನು ಕುವೈತೇ ಯಾಕೆ? ಮೊದಲ ಕಾರಣ, ಇಲ್ಲಿ ಕನ್ನಡ ಸಂಘಟಿತವಾಗಿದೆ. ಕುವೈತ್ ಕನ್ನಡ ಕೂಟವಿದೆ, ತುಳು ಕೂಟವಿದೆ, ಕರಾವಳಿಯ ಇನ್ನೂ ಹಲವು ಸಂಘಗಳಿವೆ. ಅಬ್ಬಾಸಿಯಾದಲ್ಲೋ ಸಾಲ್ಮಿಯಾದಲ್ಲೋ ಒಂದು ಸಭಾಂಗಣ, ಒಂದು ಮೈಕು, ಒಂದು ಸೌಂಡ್ ಮಿಕ್ಸರ್ ನಮ್ಮ ಕಾರ್ಯಕ್ರಮಗಳಿಗೆ ಯಾವಾಗಲೂ ಸಿಗುತ್ತದೆ. ನಾಟಕ ಆಡಿದವರಿದ್ದಾರೆ, ಯಕ್ಷಗಾನದ ಅರ್ಥ ಹೇಳಿದವರಿದ್ದಾರೆ, ನಿರೂಪಣೆಯಲ್ಲಿ ಪಳಗಿದ ದನಿಗಳಿವೆ. ಎರಡನೆಯದು, ಬೇಸಿಗೆ. ಜುಲೈಯಲ್ಲಿ ಬಿಸಿಲು 50 ಡಿಗ್ರಿ ಮುಟ್ಟಿದಾಗ ಹೊರಗೆ ಕಾಲಿಡುವಂತಿಲ್ಲ. ರಜೆಗೆ ಊರಿಗೆ ಹೋಗದೆ ಉಳಿದವರು ಏಸಿ ಕೋಣೆಯಲ್ಲಿ ಮೊಬೈಲ್ ಹಿಡಿದು ದಿನ ನೂಕುತ್ತೇವೆ. ಆ ಹೊತ್ತು ಇದಕ್ಕೆ ಹೇಳಿ ಮಾಡಿಸಿದ್ದು. ಮೂರನೆಯದು, ಈ ಕೆಲಸಕ್ಕೆ ಊರಿನಲ್ಲೇ ಇರಬೇಕೆಂದಿಲ್ಲ. ವಿವರಣೆಯ ಬರಹ, ಸಮಯದ ಪಟ್ಟಿ, ಧ್ವನಿಯ ಫೈಲು, ಮೂರೂ ಇಂಟರ್‌ನೆಟ್ಟಿನಲ್ಲಿ ಹೋಗುತ್ತವೆ. ಕುವೈತಿಗೂ ಬೆಂಗಳೂರಿಗೂ ಇರುವ ಸಮಯದ ಅಂತರ ಎರಡೂವರೆ ಗಂಟೆ. ಶುಕ್ರವಾರ ಬೆಳಿಗ್ಗೆ ನೀವು ಕೂತರೆ ಅಲ್ಲಿ ಮಧ್ಯಾಹ್ನ.

ನಾವು ಬಾಳುತ್ತಿರುವ ಈ ನೆಲಕ್ಕೂ ಈ ಕಾಳಜಿ ಹೊರಗಿನದಲ್ಲ. ಕುವೈತಿನಲ್ಲಿ ಅಂಧರ ಸಂಘ 1972ರಷ್ಟು ಹಳೆಯದು. ವಿಕಲಚೇತನರ ಹಕ್ಕುಗಳಿಗೆ 2010ರ 8ನೇ ಕಾನೂನು ಇದೆ. 2013ರಲ್ಲಿ ಕುವೈತ್ ವಿಶ್ವಸಂಸ್ಥೆಯ ಒಡಂಬಡಿಕೆಯನ್ನೂ ಒಪ್ಪಿಕೊಂಡಿತು. ಆ ಒಡಂಬಡಿಕೆಯ 30ನೇ ವಿಧಿ ಚಲನಚಿತ್ರವನ್ನು ಹೆಸರಿಸಿಯೇ, ಅದು ಎಲ್ಲರಿಗೂ ತಲುಪುವ ರೂಪದಲ್ಲಿ ಸಿಗಬೇಕು ಎನ್ನುತ್ತದೆ. ಪಕ್ಕದ ಕತಾರಿನ ಹಮದ್ ಬಿನ್ ಖಲೀಫಾ ವಿಶ್ವವಿದ್ಯಾಲಯದಲ್ಲಿ ದೃಶ್ಯ-ಶ್ರಾವ್ಯ ಅನುವಾದವನ್ನೇ ಎಂ.ಎ. ಮಟ್ಟದಲ್ಲಿ ಕಲಿಸುತ್ತಾರೆ. ಅರಬಿ ಮಾತಾಡಬಲ್ಲವರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಅಲ್ಲಿನ ಅನುಭವವನ್ನು ಕೇಳಿ ತಿಳಿಯುವುದು ಕಷ್ಟವಲ್ಲ.

ಮತ್ತೊಂದು ನಂಟೂ ಇದೆ. ಎಣ್ಣೆ ಸಿಗುವ ಮೊದಲು ಕುವೈತ್ ಬದುಕಿದ್ದು ಸಮುದ್ರದ ಮುತ್ತಿನಿಂದ. ಆ ಬಡತನ, ಆ ಸಾವುಗಳನ್ನು ಖಾಲಿದ್ ಅಲ್ ಸಿದ್ದೀಕ್ 1972ರಲ್ಲಿ ‘ಬಸ್ ಯಾ ಬಹರ್’ ಎಂಬ ಕಪ್ಪುಬಿಳುಪು ಚಿತ್ರದಲ್ಲಿ ತೋರಿಸಿದರು. ಕುವೈತಿನ ಮೊದಲ ಕಥಾಚಿತ್ರ ಅದು. ಹದಿನೈದು ವರ್ಷಗಳ ನಂತರ ಶಂಕರ್‌ನಾಗ್ ಡಾ. ರಾಜ್‌ಕುಮಾರ್ ಅವರನ್ನು ಮುತ್ತು ಹುಡುಕುವ ಬಡವನನ್ನಾಗಿಸಿ ‘ಒಂದು ಮುತ್ತಿನ ಕಥೆ’ ತೆಗೆದರು, ನೀರಿನಡಿಯ ದೃಶ್ಯಗಳಿಗಾಗಿ ತಂಡ ಮಾಲ್ಡೀವ್ಸ್‌ಗೆ ಹೋಯಿತು. ಎರಡರಲ್ಲೂ ಎದೆ ನಡುಗಿಸುವ ಗಳಿಗೆ ನೀರಿನೊಳಗೆ, ಅಂದರೆ ಮಾತು ಸಾಧ್ಯವೇ ಇಲ್ಲದ ಜಾಗದಲ್ಲಿ. ಕುವೈತಿನ ಕನ್ನಡ ಹುಡುಗರು ‘ಒಂದು ಮುತ್ತಿನ ಕಥೆ’ಗೆ ವಿವರಣೆ ಬರೆದರೆ ಅದಕ್ಕಿಂತ ಒಪ್ಪುವ ಕೆಲಸ ಇನ್ನಾವುದು?

‘ನಮಗೆ ಪರಿಣತಿ ಇಲ್ಲ’ ಎನ್ನಬೇಡಿ. ಈ ವಿದ್ಯೆ ಹುಟ್ಟಿದ್ದೇ ವಿಶ್ವವಿದ್ಯಾಲಯದ ಅಂಗಳದಲ್ಲಿ. ಗ್ರೆಗರಿ ಫ್ರೇಜಿಯರ್ 1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕೆ ಆರಿಸಿಕೊಂಡ ವಿಷಯ ಇದು. 1981ರಲ್ಲಿ ವಾಷಿಂಗ್ಟನ್ನಿನ ಅರೀನಾ ಸ್ಟೇಜ್ ರಂಗಮಂದಿರದಲ್ಲಿ ನಾಟಕಗಳಿಗೆ ವಿವರಣೆ ಶುರುವಾದಾಗ ಅದರ ಹಿಂದಿದ್ದವರು ಸ್ವತಃ ದೃಷ್ಟಿ ಕಳೆದುಕೊಂಡಿದ್ದ ಮಾರ್ಗರೆಟ್ ಫಾನ್‌ಸ್ಟೀಲ್ ಮತ್ತು ಮುಂದೆ ಅವರ ಪತಿಯಾದವರು. 2015ರಲ್ಲಿ ನೆಟ್‌ಫ್ಲಿಕ್ಸ್ ‘ಡೇರ್‌ಡೆವಿಲ್’ ಸರಣಿ ತಂದಾಗ, ಅಂಧ ನಾಯಕನ ಕಥೆಯನ್ನು ಅಂಧರೇ ನೋಡಲಾಗದ ಸ್ಥಿತಿಗೆ ಪ್ರೇಕ್ಷಕರು ಸಿಡಿದೆದ್ದರು; ಕೆಲವೇ ದಿನಗಳಲ್ಲಿ ಧ್ವನಿ ವಿವರಣೆ ಬಂತು. ಇಂದು ಜಗತ್ತಿನಾದ್ಯಂತ ಅಂಧ ವಿದ್ಯಾರ್ಥಿಗಳು ಬಳಸುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನು 2006ರಲ್ಲಿ ಆರಂಭಿಸಿದ್ದು ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಅಂಧ ಯುವಕ, ಜೊತೆಗೂಡಿದ್ದು ಅವನ ಅಂಧ ಗೆಳೆಯ ಜೇಮ್ಸ್ ಟೆ. ಅದು ಕನ್ನಡವನ್ನೂ ಓದುತ್ತದೆ. ಇವರಲ್ಲಿ ಯಾರೂ ಅನುಮತಿಗಾಗಿ, ಅನುದಾನಕ್ಕಾಗಿ ಕೈಕಟ್ಟಿ ಕೂತವರಲ್ಲ.

ಕೆಲಸದ ಬಗೆ ಹೇಳುತ್ತೇನೆ, ಏಕೆಂದರೆ ಉತ್ಸಾಹ ಮಾತ್ರ ಇದ್ದರೆ ಸಾಲದು. ಆರೇಳು ಜನ ಸೇರಿ. ಒಂದು ಚಿತ್ರವನ್ನು ಇಪ್ಪತ್ತು ನಿಮಿಷಗಳ ತುಂಡುಗಳಾಗಿ ಹಂಚಿಕೊಳ್ಳಿ. ಮೊದಲ ಸಲ ಕಣ್ಣು ಮುಚ್ಚಿ ಕೇಳಿ. ಎಲ್ಲೆಲ್ಲಿ ನಿಮಗೆ ಕಥೆ ತಪ್ಪಿಹೋಗುತ್ತದೋ ಅಲ್ಲಿ ಗುರುತು ಹಾಕಿ. ಆಮೇಲೆ ಕಣ್ಣು ತೆರೆದು ನೋಡಿ, ಬಿಡುವು ಎಷ್ಟು ಸೆಕೆಂಡು ಎಂದು ಅಳೆದು, ಅದರೊಳಗೆ ಹಿಡಿಸುವಷ್ಟೇ ಬರೆಯಿರಿ. ‘ಪುಷ್ಪಕ ವಿಮಾನ’ದ ಆ ದೃಶ್ಯಕ್ಕೆ ನಾನಾದರೆ ಹೀಗೆ ಬರೆದೇನು: ‘ರಾತ್ರಿ. ಹೋಟೆಲ್ ಕೋಣೆ. ಹಾಸಿಗೆಯಲ್ಲಿ ಹೊರಳಾಡುತ್ತಾನೆ. ಏಳುತ್ತಾನೆ.’ ಸ್ವಲ್ಪ ಬಿಟ್ಟು: ‘ಟೇಪ್ ರೆಕಾರ್ಡರ್ ಹಾಕುತ್ತಾನೆ. ಟಾಕೀಸಿನ ಸದ್ದು. ಕಣ್ಣು ಮುಚ್ಚುತ್ತಾನೆ.’ ಇಷ್ಟೇ. ‘ಪಾಪ, ಬಡತನದ ಅಭ್ಯಾಸ ಬಿಡಲಿಲ್ಲ’ ಎಂದು ನೀವು ಸೇರಿಸಬಾರದು. ಅದನ್ನು ಕೇಳುಗನೇ ಅರ್ಥ ಮಾಡಿಕೊಂಡು ನಗುತ್ತಾನೆ, ನಗುವ ಹಕ್ಕು ಅವನದು.

ಕನ್ನಡಕ್ಕೇ ಸೇರಿದ ಒಂದು ತೊಡಕಿದೆ. ನಮ್ಮಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ‘ಅಣ್ಣ ಬಾಗಿಲ ಹಿಂದೆ ಬಚ್ಚಿಟ್ಟಿದ್ದ ಕತ್ತಿಯನ್ನು’ ಎನ್ನುವಷ್ಟರಲ್ಲಿ ಸಂಭಾಷಣೆ ನುಗ್ಗಿದರೆ, ಎತ್ತಿಕೊಂಡನೋ ಎಸೆದನೋ ಗೊತ್ತಾಗುವುದೇ ಇಲ್ಲ. ಹಾಗಾಗಿ ಚಿಕ್ಕ ವಾಕ್ಯಗಳೇ ಬೇಕು. ‘ಹೋಗುತ್ತಿದ್ದಾನೆ’ ಬದಲು ‘ಹೋಗುತ್ತಾನೆ’ ಸಾಕು. ಬಣ್ಣಗಳನ್ನು ಬಿಡಬೇಡಿ. ಅಂಧರೆಲ್ಲ ಹುಟ್ಟು ಅಂಧರಲ್ಲ. ಎಷ್ಟೋ ಜನರಿಗೆ ಬಣ್ಣದ ನೆನಪಿದೆ, ಮಂದದೃಷ್ಟಿಯವರಿಗೆ ಸ್ವಲ್ಪ ಕಾಣುತ್ತದೆ ಕೂಡ. ಹಾಡಿನ ಮೇಲೆ ಮಾತು ಹೇರಬೇಡಿ. ಧ್ವನಿಮುದ್ರಣಕ್ಕೆ ಆಡಾಸಿಟಿಯಂಥ ಉಚಿತ ತಂತ್ರಾಂಶ ಸಾಕು. ಪೂರ್ತಿ ಸಿನಿಮಾಕ್ಕೆ ಕೈ ಹಾಕುವ ಮೊದಲು ಅಭ್ಯಾಸ ಬೇಕಿದ್ದರೆ ಯೂಡಿಸ್ಕ್ರೈಬ್ ಎಂಬ ಉಚಿತ ತಾಣವಿದೆ. ಯೂಟ್ಯೂಬಿನಲ್ಲಿರುವ ಯಾವ ವಿಡಿಯೋಗೂ ಯಾರು ಬೇಕಾದರೂ ಅಲ್ಲಿ ವಿವರಣೆ ಸೇರಿಸಬಹುದು. ಹತ್ತು ನಿಮಿಷದ ಕನ್ನಡ ಕಿರುಚಿತ್ರದಿಂದ ಶುರು ಮಾಡಿ.

ಇಲ್ಲಿಯೇ ಹುಟ್ಟಿ ಸಿಬಿಎಸ್‌ಇ ಶಾಲೆಯಲ್ಲಿ ಓದಿದವರಿಗೆ ಕನ್ನಡ ಬರೆಯಲು ಕೈ ತಡವರಿಸುತ್ತದೆ, ಬಲ್ಲೆ. ಅಮ್ಮನನ್ನು, ಅಜ್ಜನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ‘ಅಜ್ಜ, ಈ ಹೆಂಗಸು ಸೊಂಟಕ್ಕೆ ಸಿಕ್ಕಿಸಿಕೊಂಡದ್ದು ಏನು? ಆ ಪಾತ್ರೆಗೆ ಏನನ್ನುತ್ತಾರೆ?’ ಎಂದು ಕೇಳಿ ಕೇಳಿ ಬರೆದರೆ, ಒಂದು ಸಿನಿಮಾ ಮುಗಿಯುವಷ್ಟರಲ್ಲಿ ನಿಮಗೆ ಬರುವ ಕನ್ನಡ ಯಾವ ತರಗತಿಯಲ್ಲೂ ಬಾರದು.

ಕಾನೂನಿನ ಅಂಜಿಕೆ ಬೇಡ, ಆದರೆ ಎಚ್ಚರ ಬೇಕು. ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ ತಿದ್ದುಪಡಿಯೊಂದು, ಅಂಗವೈಕಲ್ಯವುಳ್ಳವರಿಗೆ ತಲುಪಿಸಲು ಯಾವುದೇ ಕೃತಿಯನ್ನು ಅವರಿಗೆ ಒದಗುವ ರೂಪಕ್ಕೆ ತರಲು ಅವಕಾಶ ಕೊಡುತ್ತದೆ, ಲಾಭದ ಉದ್ದೇಶವಿಲ್ಲದಿದ್ದರೆ. ಹಾಗಾಗಿ ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ ಅಂಧರಿಗಾಗಿ ದುಡಿಯುತ್ತಿರುವ ಸಂಸ್ಥೆಯೊಂದರ ಜೊತೆಗೂಡಿಯೇ ಕೆಲಸ ಮಾಡಿ. ಚಿತ್ರವನ್ನು ನಕಲು ಮಾಡಬೇಡಿ. ನಿಮ್ಮ ವಿವರಣೆಯ ದನಿಯನ್ನು ಮಾತ್ರ ಬೇರೆ ಫೈಲಾಗಿ ಇಡಿ. ವಿದ್ಯಾರ್ಥಿ ಚಿತ್ರದ ಅಧಿಕೃತ ಪ್ರತಿಯನ್ನು ಹಾಕಿಕೊಂಡು, ಒಂದು ಕಿವಿಗೆ ಇಯರ್‌ಫೋನ್ ಇಟ್ಟು ಕೇಳಲಿ. ನಿರ್ಮಾಪಕರು ಯಾರೆಂದು ಗೊತ್ತಿದ್ದರೆ ಒಂದು ಪತ್ರ ಬರೆದು ಒಪ್ಪಿಗೆ ಕೇಳಿ. ಕುವೈತಿನ ಸಭಾಂಗಣದಲ್ಲಿ ಪ್ರದರ್ಶನ ಮಾಡುವುದಾದರೆ ಇಲ್ಲಿನ ಅನುಮತಿಯನ್ನು ಕೂಟದ ಹಿರಿಯರ ಮೂಲಕ ಪಡೆಯಿರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ತಂಡದಲ್ಲಿ ಅಂಧ ವಿದ್ಯಾರ್ಥಿ ಇರಲೇಬೇಕು, ಅದೂ ಮೊದಲ ದಿನದಿಂದ. ಕುವೈತಿನ ಮುತ್ತಿನ ದೋಣಿಗಳಲ್ಲಿ ಮುಳುಗುವವನ ಹಗ್ಗ ಹಿಡಿದು ಒಬ್ಬ ಮೇಲೆ ನಿಂತಿರುತ್ತಿದ್ದ. ಕೆಳಗಿದ್ದವನು ಹಗ್ಗ ಜಗ್ಗಿದಾಗ ಎಳೆಯುವುದು ಅವನ ಕೆಲಸ. ಯಾವಾಗ ಎಳೆಯಬೇಕೆಂದು ತೀರ್ಮಾನಿಸುವುದಲ್ಲ. ನಿಮ್ಮ ಕೆಲಸವೂ ಅದೇ. ‘ಇಲ್ಲಿ ಮಾತು ಹೆಚ್ಚಾಯಿತು’, ‘ಇದು ನನಗೆ ಸದ್ದಿನಿಂದಲೇ ಗೊತ್ತಾಯಿತು, ಹೇಳಬೇಕಿಲ್ಲ’, ‘ಈ ದನಿ ನನ್ನನ್ನು ಮಗುವಿನಂತೆ ಮಾತಾಡಿಸುತ್ತಿದೆ’ ಎಂದು ಅವರು ಹೇಳಿದರೆ ಬರೆದದ್ದನ್ನು ಅಳಿಸಿ ಮತ್ತೆ ಬರೆಯಿರಿ. ಅನುಕಂಪದಿಂದ ಮಾಡಿದ ವಿವರಣೆ ಕೆಟ್ಟದಾಗಿರುತ್ತದೆ. ಅವರ ಹಕ್ಕನ್ನು ಅವರಿಗೆ ಒಪ್ಪಿಸುತ್ತಿದ್ದೇನೆ ಎಂದು ತಿಳಿದು ಮಾಡಿದ್ದು ಚೆನ್ನಾಗಿರುತ್ತದೆ.

ಕಷ್ಟವಿದೆ. ಎರಡೂವರೆ ಗಂಟೆಯ ಚಿತ್ರಕ್ಕೆ ವಾರಗಟ್ಟಲೆ ದುಡಿಮೆ ಬೇಕು. ಡ್ಯೂಟಿ ಮುಗಿಸಿ ಬಂದವರಿಗೆ, ಪರೀಕ್ಷೆ ಹತ್ತಿರವಿರುವವರಿಗೆ ಅದು ಹಗುರವಲ್ಲ. ಅರ್ಧಕ್ಕೆ ಬಿಟ್ಟುಹೋಗುವವರೂ ಇರುತ್ತಾರೆ. ಉಳಿದವರು ಮುಂದುವರಿಸಿ. ವರ್ಷಕ್ಕೆ ಒಂದು ಚಿತ್ರ ಮುಗಿದರೂ ಅದು ಮುಂದಿನ ಪ್ರತಿ ಬ್ಯಾಚಿನ ವಿದ್ಯಾರ್ಥಿಗೂ ಸಿಗುತ್ತದೆ, ಮತ್ತೆ ಮತ್ತೆ ಮಾಡಬೇಕಿಲ್ಲ. ಕುವೈತಿನ ತಂಡ ಒಂದು ಮುಗಿಸಿದರೆ ದುಬೈಯವರು, ಮಸ್ಕತ್ತಿನವರು, ದೋಹಾದವರು ಸುಮ್ಮನೆ ಇರುವವರಲ್ಲ. ಕೊಲ್ಲಿಯ ಕನ್ನಡ ಸಂಘಗಳ ಆರೋಗ್ಯಕರ ಪೈಪೋಟಿ ನಮಗೆಲ್ಲ ಗೊತ್ತಿದ್ದದ್ದೇ.

ಬರುವ ಶುಕ್ರವಾರ ನಾಲ್ಕು ಜನ ಗೆಳೆಯರನ್ನು ಮನೆಗೆ ಕರೆಯಿರಿ. ಊರಿನ ಒಂದು ಕಾಲೇಜಿಗೆ, ಸಾಧ್ಯವಾದರೆ ನಿಮ್ಮ ಅಪ್ಪ ಅಮ್ಮ ಓದಿದ ಕಾಲೇಜಿಗೇ ಫೋನ್ ಮಾಡಿ, ಅಲ್ಲಿ ದೃಷ್ಟಿ ಇಲ್ಲದ ವಿದ್ಯಾರ್ಥಿಗಳು ಯಾರಿದ್ದಾರೆ ಎಂದು ವಿಚಾರಿಸಿ, ಅವರೊಂದಿಗೆ ನೇರವಾಗಿ ಮಾತಾಡಿ. ಮೊದಲ ಚಿತ್ರ ಯಾವುದಾಗಬೇಕು ಎಂಬುದನ್ನು ಅವರೇ ಹೇಳಲಿ.